ಮುಚ್ಚಿದ ಟಬ್ಬಿನ ನೀರು

ನಾಸಿಕ್, ೧೯ ಮೇ ೨೦೧೨

ನನ್ನ ಗಂಡ ಪ್ರಭಾಕರರಿಗೆ ಔರಂಗಾಬಾದಿಗೆ ವರ್ಗವಾಗಿದೆ. ಬ್ಯಾಂಕಿನವರು ಅವರನ್ನು ಕೇಳಲಿಲ್ಲ, ಅವರು ನನ್ನನ್ನು ಕೇಳಲಿಲ್ಲ. ಗದಗಿನಿಂದ ಇಲ್ಲಿಗೆ ಬಂದಾಗಲೂ ಇದೇ ಕಥೆ. ಆದರೆ ಆಗ ಬಿಟ್ಟು ಬರುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಈಗ ಒಂದು ಪ್ರಯೋಗಶಾಲೆ ಇದೆ. ಸಾತಪುರದ ಫ್ಯಾಕ್ಟರಿಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮಕ್ಕಳಿಗೆ ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ. ನನ್ನ ಹತ್ತನೆಯ ತರಗತಿಯವರ ಪ್ರಯೋಗದ ಜರ್ನಲ್ ನೋಡಿ, ತಿದ್ದಿ ಹೊಡೆದ ಒಂದು ಕಾಟೂ ಇಲ್ಲವಲ್ಲ ಎಂದು ತಪಾಸಣೆಗೆ ಬಂದ ಸಾಹೇಬರೆಲ್ಲ ಬೆರಗಾಗುತ್ತಿದ್ದರು.

"ನಿನಗೇನ, ಎಲ್ಲಿ ಹೋದ್ರೂ ಒಂದು ಸಾಲಿ ಇದ್ದೇ ಇರ್ತದ" ಎಂದರು ಪ್ರಭಾಕರ, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತ.

"ಬ್ಯಾಂಕೂ ಎಲ್ಲಾ ಕಡೆ ಇರ್ತದಲ್ರೀ. ಮತ್ತ ಇಲ್ಲೇ ಇರ್ರಿ ನೀವು."

ಅವರು ಸುತಳಿ ಎಲ್ಲಿದೆ ಎಂದು ಕೇಳಿದರು.

ಔರಂಗಾಬಾದ್, ೧೪ ಜೂನ್

ಇವತ್ತಿನ ಅವಮಾನವನ್ನು ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ.

ಮನೆಯ ಹತ್ತಿರ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆ ಇದೆ. ಮುಂದೆ ಹಸಿರು ಹುಲ್ಲಿನ ಹಾಸು, ಅದರ ನಡುವೆ ಗಿಡಗಳನ್ನು ಕತ್ತರಿಸಿ ಬರೆದ ಶಾಲೆಯ ಹೆಸರು. ಪ್ರಿನ್ಸಿಪಾಲರು ಮುಳೇ ಮೇಡಂ. ನನ್ನ ಕಾಗದಗಳನ್ನು ನೋಡಿ, ಎಂ.ಎಸ್ಸಿ. ಎಂದಾಗ ಹುಬ್ಬೇರಿಸಿ, ಹೈಸ್ಕೂಲಿನಲ್ಲಿ ಜಾಗ ಇಲ್ಲ ಎಂದರು. ನರ್ಸರಿಯಲ್ಲಿ ಇದೆಯಂತೆ. ಈ ವರ್ಷದಿಂದ ನರ್ಸರಿಯವರಿಗೆ ‘ಲಿಟಲ್ ಸೈಂಟಿಸ್ಟ್’ ಪಿರಿಯಡ್ ಇಟ್ಟಿದ್ದಾರೆ. ಪಾಲಕರಿಗೆ ಹಂಚುವ ಬಣ್ಣದ ಕಾಗದದಲ್ಲಿ ಅಚ್ಚೂ ಆಗಿದೆ, ಕಲಿಸುವವರು ಮಾತ್ರ ಇಲ್ಲ. ನಾಲ್ಕು ವರ್ಷದ ಮಕ್ಕಳಿಗೆ ವಿಜ್ಞಾನವಂತೆ! ನನ್ನ ಮಗ ಅತುಲನೂ ನಕ್ಕ. "ಆಯಿ, ಅವರಿಗೆ ಮೂಗು ಒರೆಸ್ಕೊಳ್ಳಾಕೂ ಬರೂದಿಲ್ಲ" ಎಂದ.

ಮನೆಯಲ್ಲಿ ಸುಮ್ಮನೆ ಕೂತರೆ ತಲೆ ಕೆಡುತ್ತದೆ ಎಂದು ಮಾತ್ರ ಒಪ್ಪಿಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಜಾಗ ಖಾಲಿಯಾದ ದಿನವೇ ಮೇಲೆ ಹೋಗುತ್ತೇನೆ.

೨೦ ಜೂನ್

ಅಳು, ಅಳು, ಅಳು. ಕೋಣೆಯ ತುಂಬ ಅಳು. ಅದರ ನಡುವೆ ಅಕ್ಷಿತಾ ಎಂಬ ಹುಡುಗಿ ಚಡ್ಡಿಯಲ್ಲೇ ಮಾಡಿಕೊಂಡು ನಿಂತಿದ್ದಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ವರಾಂಡಕ್ಕೆ ಬಂದು ಮಾವಶಿಯನ್ನು ಕೂಗಿದೆ. ಇಲ್ಲಿ ಆಯಾಳನ್ನು ಮಕ್ಕಳೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ ಎನ್ನುತ್ತಾರೆ.

ಬಂದವಳು ಚನಬಸವ್ವ. ಹುಮನಾಬಾದ್ ಕಡೆಯವಳು. ನನ್ನ ಮುರುಕು ಮರಾಠಿ ಕೇಳಿದ್ದೇ "ಕನ್ನಡದಾಗ ಹೇಳ್ರಿ ಅಕ್ಕಾರ" ಎಂದಳು. ಹುಡುಗಿಯನ್ನು ಎತ್ತಿಕೊಂಡು ಹೋಗಿ ತೊಳೆದು ತಂದಳು. ಹುಡುಗಿಯ ಮನೆಯವರೂ ಕನ್ನಡದವರೇ. ಕುಂದಾಪುರದ ಸದಾನಂದ ಮತ್ತು ಸರೋಜಿನಿ, ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಇಡ್ಲಿ ದೋಸೆಯ ಹೋಟೆಲ್ ಇಟ್ಟಿದ್ದಾರೆ.

ಶಾಲೆಗೊಂದು ನಿಯಮವಿದೆ. ಮಗು ಮೂರು ಸಲ ಹೀಗೆ ಮಾಡಿಕೊಂಡರೆ ಈ ವರ್ಷ ಮನೆಗೆ, ಮುಂದಿನ ವರ್ಷ ಬನ್ನಿ. ಮುಳೇ ಮೇಡಂ ಅಕ್ಷಿತಾಳ ಹೆಸರಿನ ಮುಂದೆ ಮೊದಲ ಗೀಟು ಎಳೆದರು. ಸರಿಯೇ ಅನ್ನಿಸಿತು. ನಾನು ಓದಿದ್ದು ಇದನ್ನು ಬಳಿಯುವುದಕ್ಕಲ್ಲ.

೨೫ ಜುಲೈ

ಘನ, ದ್ರವ, ಅನಿಲ. ಮೂರೂ ಮಕ್ಕಳ ಬಾಯಿಪಾಠವಾಗಿದೆ. ನಾನು ಕಲ್ಲು ಎತ್ತಿ ಹಿಡಿದರೆ ಒಂದೇ ದನಿಯಲ್ಲಿ "ಸಾಲಿಡ್" ಎಂದು ಕಿರುಚುತ್ತಾರೆ. ಇಷ್ಟು ಬೇಗ ಯಾರು ಕಲಿಸಿಯಾರು?

ಇವತ್ತು ತೋರಿಸಲು ಮಂಜುಗಡ್ಡೆ ತಂದಿದ್ದೆ. ಒಬ್ಬೊಬ್ಬರ ಕೈಗೆ ಒಂದು ಚೂರು ಕೊಟ್ಟು ಸಾಲಿಡ್ ಎನ್ನಿಸಿದೆ. ಅಕ್ಷಿತಾ ಅದನ್ನು ಅಮ್ಮನಿಗೆ ತೋರಿಸಬೇಕೆಂದು ಫ್ರಾಕಿನ ಜೇಬಿಗೆ ಹಾಕಿಕೊಂಡಿದ್ದಾಳೆ. ಸ್ವಲ್ಪ ಹೊತ್ತಿಗೆ ಫ್ರಾಕೆಲ್ಲ ಒದ್ದೆ. ಪಕ್ಕದ ಉತ್ಕರ್ಷ "ಟೀಚರ್, ಇವಳು ಸೂ ಮಾಡಿದಳು" ಎಂದು ಎದ್ದು ನಿಂತ. ಎಲ್ಲರೂ ನಕ್ಕರು. ಅವಳು ಖಾಲಿ ಜೇಬನ್ನು ಹೊರಗೆಳೆದು ಸಿಟ್ಟಿನಿಂದ ಕೂಗಿದಳು: "ಮೀ ನಾಹೀ! ಬರ್ಫಾನೆ ಸೂ ಕೇಲೀ!"

ನಾನಲ್ಲ, ಮಂಜುಗಡ್ಡೆ ಸೂ ಮಾಡಿತು!

ಅದೇ ಹೊತ್ತಿಗೆ ಬಾಗಿಲಲ್ಲಿ ಮುಳೇ ಮೇಡಂ. ಒದ್ದೆ ಫ್ರಾಕು ಕಂಡದ್ದೇ ತಡ, ಎರಡನೇ ಗೀಟು. ಮಂಜುಗಡ್ಡೆ ಕರಗಿದ್ದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಒದ್ದೆ ಅಂದರೆ ಒದ್ದೆ ಮ್ಯಾಡಂ, ಮತ್ತು ಮಂಜುಗಡ್ಡೆ ಶಾಲೆಗೆ ತರುವ ಅಪ್ಪಣೆ ಯಾರು ಕೊಟ್ಟರು?"

ವಿಜ್ಞಾನದ ಹೆಸರಿನಲ್ಲಿ ಫೀಸು ತೆಗೆದುಕೊಳ್ಳುವ ಶಾಲೆಯ ಪ್ರಿನ್ಸಿಪಾಲರಿಗೆ ಎರಡು ಬಗೆಯ ಒದ್ದೆಯ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಆ ಹುಡುಗಿಗೆ ತಿಳಿದಿದೆ. ಘನ ದ್ರವವಾಯಿತು ಎಂದು ನನ್ನ ಮಕ್ಕಳು ಕೂಗುವುದಕ್ಕಿಂತ ಅವಳು ಹೇಳಿದ್ದು ಸರಿಯಾಗಿದೆ.

೨೪ ಸೆಪ್ಟೆಂಬರ್

ಮಳೆ ಕೈಕೊಟ್ಟಿದೆ. ನಮ್ಮ ಓಣಿಗೆ ನಳ ಬರುವುದು ಮೂರು ದಿನಕ್ಕೊಮ್ಮೆ. ಗೋದಾವರಿಯ ನೀರು ಯಾರದೆಂದು ನಾಸಿಕದ ಮತ್ತು ಇಲ್ಲಿನ ಪತ್ರಿಕೆಗಳು ಜಗಳಕ್ಕೆ ಬಿದ್ದಿವೆ. ಶಾಲೆಗೆ ಟ್ಯಾಂಕರ್ ಬರುತ್ತದೆ. ಮಕ್ಕಳ ಸಂಡಾಸಿನ ನಳವನ್ನು ಬಂದ್ ಮಾಡಿದ್ದಾರೆ. ಬೇಕಾದರೆ ಆಫೀಸಿಗೆ ಹೋಗಿ ನೀರು ತುಂಬಿಟ್ಟ ಡ್ರಮ್ಮಿನ ಬೀಗದ ಕೀಲಿ ಕೇಳಬೇಕು, ಕಾರಣ ಹೇಳಬೇಕು. ಮುಂದಿನ ಹುಲ್ಲಿಗೆ ಮಾತ್ರ ದಿನಾ ಬೆಳಗ್ಗೆ ಪೈಪು!

ನನಗೂ ಎಚ್ಚರಿಕೆ ಬಂದಿದೆ. ಮುಳುಗುವ ತೇಲುವ ಆಟಕ್ಕೆ ಒಂದೇ ಟಬ್ಬು ನೀರು, ಮತ್ತೆ ತುಂಬುವ ಹಾಗಿಲ್ಲ. ಆಗಲಿ. ಗುಲಮಂಡಿ ಪೇಟೆಯಿಂದ ಪಾರದರ್ಶಕ ಪ್ಲಾಸ್ಟಿಕ್ಕಿನ ಟಬ್ಬು ತಂದೆ. ಬೆಂಡು, ಬೀಗ, ಕಿತ್ತಳೆಹಣ್ಣು, ಸಿಪ್ಪೆ ಸುಲಿದ ಕಿತ್ತಳೆಹಣ್ಣು. ಸಿಪ್ಪೆ ಇದ್ದದ್ದು ತೇಲಿ, ಸುಲಿದದ್ದು ಮುಳುಗಿದಾಗ ಉತ್ಕರ್ಷ ನನ್ನನ್ನು ದುರುಗುಟ್ಟಿ ನೋಡಿದ, ನಾನೇನೋ ಮೋಸ ಮಾಡಿದೆನೆಂದು. ಯಾಕೆ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ನೆನಪೇ ಆಗಲಿಲ್ಲ.

ಟಬ್ಬು ಕಿಟಕಿಯ ಕೆಳಗೆ ಬಿಸಿಲಿನಲ್ಲಿದೆ. ನೀರು ಕಡಿಮೆಯಾಗಿದೆ ಎಂದು ಮೊದಲು ಹೇಳಿದವಳು ಅಕ್ಷಿತಾ. ನನ್ನ ಹಣೆಯ ಟಿಕಲಿ ಪಾಕೀಟಿನಿಂದ ಒಂದೊಂದು ತೆಗೆದು ನೀರಿನ ಮಟ್ಟಕ್ಕೆ ಅಂಟಿಸುತ್ತಿದ್ದೇವೆ. ಟಿಕಲಿಗಳು ಮೆಟ್ಟಿಲಿನ ಹಾಗೆ ಕೆಳಗಿಳಿಯುತ್ತಿವೆ. ಯಾರು ಕುಡಿದರು? ಕಾಗೆ ಎಂದ ಒಬ್ಬ. ಗಣಪತಿ ಎಂದಳು ಒಬ್ಬಳು. ಮಾವಶಿ ಎಂದವರೇ ಬಹಳ.

೯ ಅಕ್ಟೋಬರ್

ಯಾವುದೋ ಮಗು ಮನೆಗೆ ಹೋಗಿ "ಮಾವಶಿ ನಮ್ಮ ನೀರು ಒಯ್ಯುತ್ತಾಳೆ" ಎಂದಿದೆ. ಆ ತಾಯಿ ಬಂದು ಮುಳೇ ಮೇಡಂಗೆ ದೂರು ಕೊಟ್ಟಿದ್ದಾಳೆ. ಮೇಡಂ ಚನಬಸವ್ವನನ್ನು ಎಲ್ಲರೆದುರು ನಿಲ್ಲಿಸಿ, ಚೀಲ ಬಿಚ್ಚಿ ತೋರಿಸು ಎಂದರು. ಚೀಲದಲ್ಲಿ ಜೋಳದ ಭಕ್ಕರಿ ಇತ್ತು. ನೀರು ಕದಿಯುವವಳು ಅದನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಾಳೆಯೆ? ನನ್ನ ಮೈ ಉರಿದುಹೋಯಿತು.

"ಬಿಸಿಲಿಗೆ ಆರಿದ ನೀರಿಗೆ ಆಕೆಯನ್ನು ಕಳ್ಳಿ ಎನ್ನುತ್ತೀರಾ? ನನ್ನ ಮಕ್ಕಳೇ ನಿಮಗೆ ತೋರಿಸುತ್ತಾರೆ. ಎರಡು ವಾರ ಕೊಡಿ" ಎಂದೆ.

"ಎರಡು ವಾರದ ನಂತರವೂ ನೀರು ಹೋದರೆ ಇವಳೂ ಹೋಗುತ್ತಾಳೆ" ಎಂದರು.

ಇನ್ನೊಂದು ಟಬ್ಬು ತಂದೆ. ಒಂದಕ್ಕೆ ಮುಚ್ಚಳ, ಒಂದು ತೆರೆದದ್ದು. ಎರಡಕ್ಕೂ ಒಂದೇ ಮಟ್ಟದ ನೀರು, ಒಂದೇ ಬಿಸಿಲು. ಮುಚ್ಚಿದ್ದರ ನೀರು ಉಳಿದರೆ ಕಳ್ಳ ಬಿಸಿಲೇ. ನೀರು ಮನೆಯಿಂದ ಹೊತ್ತುಕೊಂಡು ಹೋದೆ. ಪ್ರಭಾಕರ ಕೊಡದ ಒಂದು ಬದಿ ಹಿಡಿದರು.

೧೯ ಅಕ್ಟೋಬರ್

ತೆರೆದದ್ದು ಇಳಿಯುತ್ತಿದೆ, ಮುಚ್ಚಿದ್ದು ಇಳಿದಿಲ್ಲ. ಮುಚ್ಚಳದ ಒಳಗೆ ಹನಿಗಳು ತೂಗಾಡುವುದನ್ನು ನೋಡಲು ನೂಕುನುಗ್ಗಲು. "ನೀರು ಓಡಿಹೋಗಲು ಹೊರಟಿತ್ತು, ಬಾಗಿಲು ಹಾಕಿತ್ತು" ಎಂದಳು ಅಕ್ಷಿತಾ. ಸೋಮವಾರ ಮುಳೇ ಮೇಡಂ ಬಂದು ನೋಡಲಿ. ನೋಡಿ ಚನಬಸವ್ವನ ಕ್ಷಮೆ ಕೇಳಲಿ. ಈ ಮಧ್ಯಾಹ್ನವಿಡೀ ಶಿಕ್ಷಕರ ಮೀಟಿಂಗು. ಗೋಡೆಯ ಚಾರ್ಟು ಯಾವ ಬಣ್ಣದ್ದಿರಬೇಕು ಎಂಬ ಬಗ್ಗೆ. ಹಾಳು.

೨೨ ಅಕ್ಟೋಬರ್

ಬೆಳಗ್ಗೆ ಮಕ್ಕಳು ಮುಚ್ಚಳ ತೆಗೆದರು. ಅರ್ಧಕ್ಕರ್ಧ ನೀರಿಲ್ಲ.

"ಮಾವಶಿ! ಮಾವಶಿ!" ಎಂದು ಕುಣಿದರು. ಅವರಿಗೇನು, ಉತ್ತರ ಸಿಕ್ಕಿತ್ತು. ಅಕ್ಷಿತಾ ಮಾತ್ರ ಕುಣಿಯಲಿಲ್ಲ.

ಚನಬಸವ್ವನನ್ನು ವರಾಂಡದ ತುದಿಗೆ ಕರೆದೆ. ಅವಳು ಸುತ್ತಿ ಬಳಸಲಿಲ್ಲ.

"ಹೌದ್ರಿ ಅಕ್ಕಾರ, ನಾನೇ ತಗೊಂಡೀನಿ. ಶುಕ್ರವಾರ ನೀವು ಮೀಟಿಂಗಿಗೆ ಹೋಗಿದ್ರಿ. ಹೋಟೆಲಿನವರ ಕೂಸು ಚಡ್ಡ್ಯಾಗ ಮಾಡ್ಕೊಂತು. ಹೊಟ್ಟಿ ಕೆಟ್ಟಿತ್ತು ಪಾಪ. ನಳದಾಗ ನೀರಿಲ್ಲ. ಕೀಲಿ ಕೇಳಾಕ ಹೋದ್ರ ಯಾಕ ಅಂತಾರ, ಮೂರನೇ ಗೀಟು ಹೊಡೀತಾರ. ಹಂಗೇ ಕುಂಡ್ರಸಲ್ಯಾ ಕೂಸಿನ್ನ?"

"ತೆರೆದ ಟಬ್ಬಿನಾಗಿಂದು ತಗೋಬೇಕಿಲ್ಲೋ?"

"ಅದರಾಗ ಏನೈತ್ರಿ, ತಳ ಕಾಣತೈತಿ."

"ನನಗ ಯಾಕ ಹೇಳಲಿಲ್ಲ?"

ಅವಳು ನೆಲ ನೋಡಿದಳು. "ನೀವು ಮೊದಲನೇ ದಿನ ಮೂಗು ಮುಚ್ಚಿಕೊಂಡು ಹೊರಗ ಹೋಗಿದ್ರಲ್ರಿ."

ಅದಕ್ಕೂ ಇದಕ್ಕೂ ಏನು ಸಂಬಂಧ? ಇಡೀ ದಿನ ಆ ಮಾತಿಗೆ ಸಿಟ್ಟು ಬಂದಿದೆ. ಆಕೆಗಾಗಿ ನಾನು ಇಷ್ಟೆಲ್ಲ ಮಾಡುತ್ತಿದ್ದೇನೆ, ಆಕೆ ನನಗೆ ಮೂಗಿನ ಲೆಕ್ಕ ಹೇಳುತ್ತಾಳೆ.

ಮುಳೇ ಮೇಡಂ ಇವತ್ತು ಬರಲಿಲ್ಲ. ನಾಳೆ ಬರುತ್ತಾರೆ.

೨೩ ಅಕ್ಟೋಬರ್

ಬಂದರು. ಎರಡೂ ಟಬ್ಬು ನೋಡಿದರು. "ಮತ್ತೆ ಇದು?" ಎಂದು ಮುಚ್ಚಳದ ಮೇಲೆ ಬೆರಳಿನಿಂದ ಬಡಿದರು.

"ಅದು ನಾನು ತೆಗೆದದ್ದು. ಶುಕ್ರವಾರ ಕೈ ತೊಳೆಯಲು ನೀರಿರಲಿಲ್ಲ. ಅಲ್ಲಿಯವರೆಗೆ ಕಡಿಮೆಯಾಗಿರಲಿಲ್ಲ, ಟಿಕಲಿ ನೋಡಿ."

ಮಕ್ಕಳ ಮುಂದೆಯೇ ಹೇಳಬೇಕಾಯಿತು. ಏನು ಕಂಡಿರೋ ಅದನ್ನೇ ಹೇಳಿ ಎಂದು ತಿಂಗಳುಗಟ್ಟಲೆ ಅವರಿಗೆ ಹೇಳಿದವಳು ನಾನು. ಅಕ್ಷಿತಾ ಬಾಯಲ್ಲಿದ್ದ ಬೆರಳು ತೆಗೆದು ನನ್ನನ್ನೇ ನೋಡುತ್ತಿದ್ದಳು.

ಚನಬಸವ್ವನ ಕೆಲಸ ಉಳಿಯಿತು. ಮುಳೇ ಮೇಡಂ ಕ್ಷಮೆ ಕೇಳಲಿಲ್ಲ. ಸುಳ್ಳು ಹೇಳಿಸುವ ನಿಯಮ ಎಂಥ ನಿಯಮ? ಹೊಟ್ಟೆ ಕೆಟ್ಟದ್ದಕ್ಕೆ ಮಗುವಿಗೆ ಶಿಕ್ಷೆ, ನೀರಿಗೆ ಬೀಗ, ಹುಲ್ಲಿಗೆ ಪೈಪು.

೨೨ ಡಿಸೆಂಬರ್

ಪ್ರಭಾಕರರಿಗೆ ನಾಸಿಕದ ಆಫೀಸಿನಲ್ಲಿ ಕೆಲಸವಿತ್ತು. ನಾನೂ ಜೊತೆಗೂಡಿ ನನ್ನ ಹಳೆಯ ಶಾಲೆಗೆ ಹೋದೆ. ಪ್ರಯೋಗಶಾಲೆ ಹಾಗೇ ಇದೆ. ಹೊಸ ಮೇಷ್ಟ್ರು, ಹುಡುಗರು ನನ್ನವರೇ. ಖುಷಿಯಿಂದ ಜರ್ನಲ್ ತೋರಿಸಿದರು. ಒಂದು ಕಾಟಿಲ್ಲ. ಬರ್ನರ್ ಇನ್ನೂ ಹೊತ್ತಿರಲಿಲ್ಲ, ಮೈಲುತುತ್ತದ ಬಣ್ಣ ನೀಲಿಯಿಂದ ಬಿಳಿಗೆ ತಿರುಗಿತು ಎಂದು ಎಲ್ಲರೂ ಆಗಲೇ ಬರೆದಾಗಿತ್ತು!

"ನೋಡುವ ಮೊದಲೇ ಬರೆದರೆ ನೋಡುವುದೇಕೆ?" ಎಂದು ಎಲ್ಲರೆದುರು ಕೂಗಾಡಿದೆ. ಒಬ್ಬ ಹುಡುಗ ಗಾಬರಿಯಿಂದ "ಮಿಸ್, ನೀವೇ ಹೀಗೆ ಕಲಿಸಿದ್ದು" ಎಂದ. ಎಂಥ ಸುಳ್ಳು ಕಲಿತಿದ್ದಾರೆ!

ಸಂಜೆ ವಾಪಸು ಬರುವಾಗ ಯೇವಲಾದಲ್ಲಿ ಬಸ್ಸು ನಿಂತಿತು. ಪ್ರಭಾಕರ ಚಹಾ ತಂದರು. ಯಾಕೆ ಮಾತಿಲ್ಲ ಎಂದರು. ತಲೆನೋವು ಎಂದೆ.

ಔರಂಗಾಬಾದ್, ೧೧ ಫೆಬ್ರವರಿ ೨೦೧೩

ಉತ್ಕರ್ಷನ ಚಡ್ಡಿ ತೊಳೆದು, ಅವನಿಗೆ ಬೇರೆ ತೊಡಿಸಿ, ಒಣಹಾಕಿ ಬರುವಷ್ಟರಲ್ಲಿ ನನ್ನ ಕೋಣೆಯ ಗೋಡೆ ಬದಲಾಗಿದೆ! ಮಕ್ಕಳು ಗೀಚಿದ ಹನಿಗಳ ಚಿತ್ರ ಕಿತ್ತು, ಅಂಗಡಿಯಿಂದ ತಂದ ಗ್ರಹಗಳ ಚಾರ್ಟು ಅಂಟಿಸಿದ್ದಾರೆ. ಇಪ್ಪತ್ತೆಂಟಕ್ಕೆ ವಿಜ್ಞಾನ ದಿನ, ಆಡಳಿತ ಮಂಡಳಿಯವರು ಬರುತ್ತಾರಂತೆ. ಮಕ್ಕಳ ಬಾಯಲ್ಲಿ ಇಂಗ್ಲಿಷ್ ಉತ್ತರ ಹಾಕಿ ಎಂದು ಅಪ್ಪಣೆ. ಕಿತ್ತ ಚಿತ್ರಗಳನ್ನು ಕಸದ ಬುಟ್ಟಿಯಿಂದ ಹೆಕ್ಕಿ ತಂದಿದ್ದೇನೆ.

೨೮ ಫೆಬ್ರವರಿ

ಆದದ್ದು ಆದ ಹಾಗೆ ಬರೆಯುತ್ತೇನೆ.

ಸಭಾಂಗಣದ ತುಂಬ ಪಾಲಕರು. ಮಕ್ಕಳ ತಲೆಗೆ ಗ್ರಹಗಳ ಕಾಗದದ ಕಿರೀಟ. ಮುಳೇ ಮೇಡಂ ಮೈಕಿನಲ್ಲಿ ಪ್ರಶ್ನೆ ಕೇಳಿದರು, ಟಬ್ಬಿನ ನೀರು ಎಲ್ಲಿ ಹೋಗುತ್ತದೆ? "ಇವ್ಯಾಪೊರೇಶನ್!" ಎಂದು ಮಕ್ಕಳು ಕಿರುಚಿದರು. ಚಪ್ಪಾಳೆ. ಮುಂದಿನ ಕುರ್ಚಿಯಲ್ಲಿದ್ದ ಮಂಡಳಿಯ ಹಿರಿಯರು ನಗುತ್ತ, ಹತ್ತಿರವೇ ನಿಂತಿದ್ದ ಅಕ್ಷಿತಾಳನ್ನು "ಹಾಗೆಂದರೇನು ಮಗಾ?" ಎಂದು ಮರಾಠಿಯಲ್ಲಿ ಕೇಳಿದರು.

ಅವಳು ಕಿರೀಟ ತೆಗೆದು ಕೆಳಗಿಟ್ಟಳು. ಮರಾಠಿಯಲ್ಲೇ, ಒಂದೊಂದಾಗಿ ಹೇಳಿದಳು. ಎರಡು ಟಬ್ಬು ಇದ್ದವು. ತೆರೆದದ್ದರಲ್ಲಿನ ನೀರು ಬಿಸಿಲಿಗೆ ಹೋಯಿತು. ಮುಚ್ಚಿದ್ದರಲ್ಲಿನ ನೀರು ಮುಚ್ಚಳಕ್ಕೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಅದೂ ಕಡಿಮೆಯಾಯಿತು.

"ಅದೂ ಬಿಸಿಲಿಗೇ?"

"ಇಲ್ಲ. ನನಗೆ ಚಡ್ಡಿಯಲ್ಲಿ ಆಯಿತು. ನಳದಲ್ಲಿ ನೀರಿರಲಿಲ್ಲ. ಮಾವಶಿ ಆ ನೀರಿನಿಂದ ನನ್ನನ್ನು ತೊಳೆದಳು. ಟೀಚರ್ ತೆಗೆದದ್ದಲ್ಲ." ನನ್ನ ಕಡೆ ತಿರುಗಿ, ನನಗೆ ಬೇಸರವಾಗಬಾರದೆಂಬಂತೆ ಮೆಲ್ಲಗೆ ಸೇರಿಸಿದಳು: "ಟೀಚರ್ ಚುಕಲ್ಯಾ."

ಟೀಚರ್ ತಪ್ಪಿದರು.

ಸಭೆ ಗೊಳ್ಳೆಂದು ನಕ್ಕಿತು. ಅವಳ ಅಪ್ಪ ಸದಾನಂದ ತಲೆ ತಗ್ಗಿಸಿಬಿಟ್ಟರು. ಮುಳೇ ಮೇಡಂ ಮೈಕು ಬದಿಗೆ ಹಿಡಿದು, ಆದರೆ ಎಲ್ಲರಿಗೂ ಕೇಳುವಂತೆ, "ಇದು ಮೂರನೆಯದು. ನಾಳೆ ಬಂದು ಟಿ.ಸಿ. ಒಯ್ಯಿರಿ" ಎಂದರು.

ಆಮೇಲೆ ನಾನು ವೇದಿಕೆಯ ಮೇಲಿದ್ದೆ. ಹೇಗೆ ಹತ್ತಿದೆನೋ. ನನ್ನ ಮರಾಠಿ ಸಿಟ್ಟು ಬಂದಾಗ ಇನ್ನಷ್ಟು ಮುರಿಯುತ್ತದೆ. "ಅವಳು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು. ಇಷ್ಟು ಜನರಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಇವಳೊಬ್ಬಳೇ. ಇವಳಿಗೆ ಟಿ.ಸಿ.ಯೇ? ನಕ್ಕವರು ನನ್ನ ಜೊತೆ ಬನ್ನಿ. ನಿಮ್ಮ ಮಕ್ಕಳ ಸಂಡಾಸಿನ ನಳ ತಿರುಗಿಸಿ ನೋಡಿ. ಗಣಪತಿ ಹಬ್ಬದಿಂದ ಒಂದು ಹನಿ ಬಂದಿಲ್ಲ."

ಯಾರೂ ಏಳಲಿಲ್ಲ. ಆಗ ಸರೋಜಿನಿ ಎದ್ದರು. ಗಂಡ ಸೆರಗು ಹಿಡಿದೆಳೆದು "ಸುಮ್ನೆ ಕೂತ್ಕೊ ಮಾರಾಯ್ತಿ, ಇದ್ದ ಮರ್ಯಾದೆಯೂ ಹೋಯ್ತು" ಎಂದರು.

"ಎಂತ ಮರ್ಯಾದೆ ಹೋದ್ದು? ಹೊಟ್ಟೆ ಕೆಟ್ರೆ ಯಾರಿಗೂ ಆಗ್ತದೆ. ನೀರು ಕೊಡದವರಿಗೆ ಅಲ್ವಾ ಮರ್ಯಾದೆ ಇಲ್ಲದ್ದು? ನಡೀರಿ ಟೀಚರೇ, ನಾನು ಬರ್ತೇನೆ."

ಅವರ ಹಿಂದೆ ಉತ್ಕರ್ಷನ ತಾಯಿ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ದಾರಿಯಲ್ಲಿ ಹುಲ್ಲಿನ ಹಾಸು ಬೆಳಗಿನ ನೀರಿನಲ್ಲಿ ಇನ್ನೂ ಒದ್ದೆಯಾಗಿತ್ತು. ರೇಷ್ಮೆ ಸೀರೆ ಉಟ್ಟುಕೊಂಡು ಬಂದ ಹೆಂಗಸರು ಆ ಪುಟ್ಟ ಸಂಡಾಸುಗಳ ಮುಂದೆ ಸಾಲಾಗಿ ನಿಂತು ನಳ ತಿರುಗಿಸಿದರು. ಕಿರ್ರೆಂದು ಗಾಳಿ ಬಂತು, ಅಷ್ಟೇ. ವಾಸನೆಗೆ ಒಬ್ಬಾಕೆ ಸೆರಗು ಮುಚ್ಚಿಕೊಂಡು ಹಿಂದೆ ಸರಿದಳು. ನನಗೆ ಎಂಥ ಸಿಟ್ಟು ಬಂತೆಂದರೆ! ನಿಮ್ಮ ಮಗುವೇ ದಿನಾ ಇಲ್ಲಿ ಕೂರುವುದು ಎಂದು ಮುಖಕ್ಕೇ ಹೇಳಿದೆ.

ಮಂಡಳಿಯ ಹಿರಿಯರೂ ಬಂದಿದ್ದರು. ಅವರೂ ಒಂದು ನಳ ತಿರುಗಿಸಿದರು. ಮುಳೇ ಮೇಡಂ ಕಡೆ ನೋಡಿದರು.

೫ ಮಾರ್ಚ್

ನರ್ಸರಿಯ ಸಂಡಾಸಿನಲ್ಲಿ ಕೀಲಿ ಇಲ್ಲದ ಡ್ರಮ್ಮು ಬಂದಿದೆ. ಗೀಟು ಎಳೆಯುವುದು ನಿಂತಿದೆ. ಹುಲ್ಲು ಹಳದಿಯಾಗುತ್ತಿದೆ. ಟಿ.ಸಿ. ಮಾತು ಮತ್ತೆ ಬರಲಿಲ್ಲ. ಅಕ್ಷಿತಾಳನ್ನು ಬಿಡಲು ಇವತ್ತು ಸದಾನಂದರೇ ಬಂದಿದ್ದರು. ಗೇಟಿನಲ್ಲಿ ಚನಬಸವ್ವನ ಕೈಗೆ ಒಂದು ಪೊಟ್ಟಣ ಕೊಟ್ಟು, "ಗೋಳಿಬಜೆ, ಬಿಸಿ ಉಂಟು" ಎಂದಷ್ಟೇ ಹೇಳಿ ಸರಸರ ನಡೆದುಬಿಟ್ಟರು.

ಪೊಟ್ಟಣವನ್ನು ಇಬ್ಬರೂ ಮೆಟ್ಟಿಲ ಮೇಲೆ ಕೂತು ಮುಗಿಸಿದೆವು. "ನಿಮ್ಮ ಸಿಟ್ಟು ಛಲೋ ಐತ್ರಿ ಅಕ್ಕಾರ" ಎಂದಳು. ನನಗೆಲ್ಲಿ ಸಿಟ್ಟು? ಇದ್ದದ್ದು ಹೇಳುತ್ತೇನೆ ಅಷ್ಟೇ.

೩೦ ಮಾರ್ಚ್

ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಈ ಊರಲ್ಲಿ ಆಗಿಲ್ಲ.

ಮುಳೇ ಮೇಡಂ ಆಫೀಸಿಗೆ ಕರೆಸಿದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಹೈಸ್ಕೂಲಿನ ರಸಾಯನಶಾಸ್ತ್ರದವರು ಬಿಟ್ಟು ಹೋಗುತ್ತಿದ್ದಾರಂತೆ. ಜೂನಿನಿಂದ ಒಂಬತ್ತು, ಹತ್ತನೆಯ ತರಗತಿ ನನಗಂತೆ. ಮೇಲಿನ ಮಹಡಿ, ಪ್ರಯೋಗಶಾಲೆ, ಸಂಬಳವೂ ಹೆಚ್ಚು. "ನಿಮ್ಮ ಓದಿಗೆ ತಕ್ಕ ಜಾಗ" ಎಂದು ನಕ್ಕರು. ನರ್ಸರಿಗೆ ಯಾರು ಎಂದು ಕೇಳಿದೆ. ಯಾರಾದರೂ ಆಗುತ್ತದೆ, ಚಾರ್ಟು ತೋರಿಸಿದರೆ ಆಯಿತಲ್ಲ ಎಂದರು.

ಯಾರಾದರೂ ಆಗುತ್ತದಂತೆ!

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಪ್ರಭಾಕರರಿಗೆ ಹೇಳಿದೆ. "ನನ್ನನ್ನ ಏನಂತ ತಿಳಕೊಂಡಾರ ಇವ್ರು? ಒಂಬತ್ತನೇ ಕ್ಲಾಸಿಗೆ ದಬ್ಬತಾರಂತ! ಅಲ್ಲಿ ಮಾಡೂದೇನೈತಿ, ಅವ್ರಿಗೆ ಎಲ್ಲಾ ಮೊದಲೇ ಗೊತ್ತಿರ್ತದ. ಜೂನಿನಾಗ ಹೊಸ ಮಕ್ಕಳು ಬರ್ತಾವ, ಅಳ್ತಾವ. ಅವನ್ನ ಚಾರ್ಟಿನ ಕೈಯಾಗ ಕೊಟ್ಟು ಹೋಗಲಿ? ಆಗೂದಿಲ್ಲ ಅಂತ ಮುಖದ ಮ್ಯಾಲೆ ಹೇಳಿ ಬಂದೀನಿ."

ಪ್ರಭಾಕರ ಪೇಪರು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಒಳಗಿನಿಂದ ಬಂದ ಅತುಲನೂ ಸೇರಿಕೊಂಡ. ಏನಾಯಿತು, ಯಾಕೆ ನಗುತ್ತೀರಿ ಎಂದರೆ ಇಬ್ಬರೂ ಬಾಯಿ ಬಿಡಲಿಲ್ಲ.

ನಗಲಿ. ಈ ಮನೆಯಲ್ಲಿ ನನ್ನ ಒಂದು ಮಾತನ್ನಾದರೂ ಯಾರಾದರೂ ಗಂಭೀರವಾಗಿ ತೆಗೆದುಕೊಂಡಿದ್ದರೆ ತಾನೆ.